ಬಲಗಲ್ಲಕ್ಕ ಎದ್ದ ಗುಳ್ಳಿ

…ಅಲ್ಲಲ್ಲ ಹುಡುಗ್ರಾ, ಎಡಗಣ್ಣಲ್ಲ, ಹೋದದ್ದು ಈ ಬಲಗಣ್ಣು. ಆಗ ನಾ ಕುಷ್ಟಗಿ ಗರಡ್ಯಾಗ ಕುಸ್ತಿ ಆಡ್ತಿದ್ದೆ. ಗರಡಿ ಅಂದ್ರ ಗೊತ್ತೈತಲ್ಲ, ಕೆಮ್ಮಣ್ಣು ಹಾಕಿದ ಕುಸ್ತಿ ಮನಿ. ಆ ಮಣ್ಣಿಗೆ ಎಣ್ಣಿ, ಅರಿಷಿಣ, ಮಜ್ಜಿಗಿ ಕಲಸಿರ್ತಾರ. ನಮಗ ಅದೇ ದೇವರು, ಅದೇ ಔಷಧ. ನನ್ನ ಜೋಡಿ ಕುಸ್ತಿ ಹಿಡಿಯಾವ ಯಮನೂರ, ಗೆಳೆಯ. ಮದಲ ಅವನ ಗಲ್ಲಕ್ಕ ಸಣ್ಣ ಸಣ್ಣ ನೀರಗುಳ್ಳಿ ಎದ್ದುವು, ಆಮ್ಯಾಲ ನನಗ. ಉರಿ ಅಂದ್ರ ಉರಿ, ನೋಡ್ರಿ, ಕೆಂಡ ಇಟ್ಟಂಗ. ಕುಸ್ತಿ ಕಲಿಸೋ ಹುಸೇನಸಾಬ ಉಸ್ತಾದರು, "ಏ, ಬೆವರಗುಳ್ಳಿ ಅದು. ಮಣ್ಣ ಹಚ್ಚು, ಹಿಡಿ ಹಿಡಿ!" ಅಂದ್ರು. ಹಚ್ಚಿದೆ. ತಿಕ್ಕಿ ತಿಕ್ಕಿ ಹಚ್ಚಿದೆ. ಮನ್ಯಾಗ ನಮ್ಮವ್ವ, "ಅಮ್ಮ ಬಂದಾಳ, ಔಷಧ ಮುಟ್ಟಬ್ಯಾಡ" ಅಂತ ಬೇವಿನ ತಪ್ಪಲ ಹಾಸಿದ್ಳು. ಅಮ್ಮ ಅಂದ್ರ ಸಿಡುಬಿನಂಥಾದ್ದು. ಇವೆರಡರ ನಡುವ ಗುಳ್ಳಿ ಏರಕೋಂತ ಏರಕೋಂತ ರೆಪ್ಪಿಗೆ ಬಂತು. ಒಂದಿನ ಮುಂಜಾನಿ ಎದ್ರ ಕಣ್ಣ ತೆರಿವಲ್ದು! ಬೆರಳಿಂದ ಬಿಡಿಸಿದೆ, ಎಲ್ಲಾ ಹಾಲಿನಂಗ ಬೆಳ್ಳಗ. ಆ ಕಣ್ಣಿಗೆ ಅವ್ವನ ಮುಖ ಕಾಣವಲ್ದು. "ಯವ್ವಾ, ಕಣ್ಣು ಹೋತು!" ಅಂತ ಚೀರಿದೆ.

ಯಮನೂರನೇ ಬಸ್ ಹತ್ತಿಸಿ ಗಂಗಾವತಿ ದವಾಖಾನಿಗೆ ಒಯ್ದ. ಡಾಕ್ಟರ್ ನಾವು ಹೇಳಿದ್ದೆಲ್ಲಾ ಕೇಳಿ, ಇಬ್ಬರ ಮುಖಾನೂ ನೋಡಿ, "ಇಬ್ಬರಿಗೂ ಬಲಗಲ್ಲಕ್ಕೇ ಯಾಕ? ಹೆಂಗ ಹಿಡೀತೀರಿ, ತೋರಸ್ರಿ" ಅಂದ್ರು. ನಾ ಅವರ ಕುತ್ತಿಗಿಗೇ ಕೈ ಹಾಕಾಕ ಹೋದೆ. "ಏ ಮಾರಾಯಾ, ನನ್ನ ಬಿಡೋ! ಅವನ್ನ ಹಿಡಿ!" ಹಿಡದ್ವಿ. ಬಲಗಲ್ಲಕ್ಕ ಬಲಗಲ್ಲ ಬಂದು ಕೂಡ್ತು. ಡಾಕ್ಟರ್ ಅಂದ್ರು, "ಇದು ಅಮ್ಮನೂ ಅಲ್ಲ, ಬೆವರೂ ಅಲ್ಲ, ವೈರಸ್. ಗಲ್ಲಕ್ಕ ಗಲ್ಲ ತಿಕ್ಕಿ ಬಂದೈತಿ. ನೀ ಮತ್ತ ತಿಕ್ಕಿ ಕಣ್ಣಿಗೆ ಒಯ್ದಿ. ಕಣ್ಣು ಉಳೀತೈತಿ ಅಂತ ಮಾತ ಕೊಡಂಗಿಲ್ಲ." ಯಮನೂರ ಅಲ್ಲೇ ನೆಲಕ್ಕ ಕುಂತ. "ನನ್ನಿಂದ ಬಂತಲ್ಲೋ…" "ನಿನಗೂ ಯಾರೋ ಕೊಟ್ಟಾರಲ್ಲೋ. ಅಳಬ್ಯಾಡ, ಮಾತ್ರಿ ತಾ ಹೋಗು." ಹಂಗಂತ ನಾನೇ ಅವನ್ನ ಎಬ್ಬಿಸಿದೆ. ಮಾತ್ರಿ ನುಂಗಿದೆ, ಹನಿ ಹಾಕಿಸಿಕೊಂಡೆ. ಕಣ್ಣು ಪೂರ್ತಿ ಬರಲಿಲ್ಲ. ಬರೇ ನೆಳ್ಳು ಕಾಣತೈತಿ. ಇನ್ನೊಂದು ಕಣ್ಣು ಮುಚ್ಚಿದ್ರ ನಿಮ್ಮಾಗ ಯಾರು ಯಾರಂತ ತಿಳಿಯಂಗಿಲ್ಲ. ಕುಸ್ತಿ ಅಲ್ಲಿಗೇ ಮುಗೀತು. ಅದಕ್ಕ, ಕಬಡ್ಡಿ ಆಡ್ರಿ, ಕುಸ್ತಿ ಆಡ್ರಿ, ಬ್ಯಾಡನ್ನಂಗಿಲ್ಲ. ಮೈಮ್ಯಾಲ ಗುಳ್ಳಿ ಎದ್ರ ಮಾತ್ರ ಹೊರಗ ಕುಂದರ್ರಿ, ಡಾಕ್ಟರಿಗೆ ತೋರಸ್ರಿ. ಮತ್ತ ಏನದು, ಎಲ್ಲಾರೂ ಒಂದೇ ಟವೆಲ್ಲಿಗೆ ಮುಖ ಒರಸಾಕತ್ತೀರಿ? ತೊಳದ ಹಾಕ್ರಿ ಅದನ್ನ, ಏಳ್ರಿ.