ಬೋಗುಣಿ ತಿರುಗಿದ ಹನ್ನೆರಡು ನಿಮಿಷ

ನಗೋರಿದ್ರೆ ಈಗಲೇ ನಕ್ಕು ಮುಗಿಸಿಬಿಡ್ರಿ. ನಡುವೆ ಬಾಯಿ ಹಾಕಿದ್ರೆ ಎದ್ದು ಹೋಗಿಬಿಡ್ತೀನಿ, ಆಮೇಲೆ ಕರೆದ್ರೂ ಬರಲ್ಲ. ಇದು ಅಜ್ಜ ಮುತ್ತಜ್ಜನ ಕಾಲದ್ದಲ್ಲ. ಮೊನ್ನೆ ಮೊನ್ನೆದು. ಜಗಳೂರಿಂದ ಆಚೆ, ನಮ್ಮ ಓಣಿಯ ಭೀಮೇಶನಿಗೆ ಆಗಿದ್ದು.

ರಾತ್ರಿ ಎರಡೂವರೆ. ಭೀಮೇಶ ಡ್ಯೂಟಿ ಮುಗಿಸಿ ಮನೆಗೆ ನಡ್ಕಂಡು ಬರ್ತಿದ್ದ. ಬೈಕು ಪಂಚರ್ ಆಗಿ ಅಲ್ಲೇ ಬಿಟ್ಟಿದ್ದ. ದಾರಿಯಲ್ಲಿ ಒಂದು ಹಾಳುಬಾವಿ ಐತೆ. ಕಲ್ಲು ಕಟ್ಟಿದ್ದು, ಒಂದು ಹನಿ ನೀರಿಲ್ಲ. ಅದರ ಹತ್ರ ಬಂದ... ಜೀರುಂಡೆ ಸದ್ದು ಪಟ್ಟನೆ ನಿಂತೋಯ್ತು. ಕಾಲ ಕೆಳಗೆ ಗರಸು ಮಾತ್ರ ಚರಕ್, ಚರಕ್ ಅಂತಿತ್ತು. ಯಾಕೋ ಅನುಮಾನ ಬಂದು ನಿಂತ್ಕಂಡ. ಅವನು ನಿಂತ ಮೇಲೆ ಇನ್ನೆರಡು ಹೆಜ್ಜೆ ಕೇಳಿಸ್ತು. ಚರಕ್... ಚರಕ್.

ಬಾವಿಯೊಳಗಿಂದ ಖರ್‍ರ್ ಅಂತ ಸದ್ದು ಬಂತು. ವಾಕಿಟಾಕಿ ಗುಂಡಿ ಒತ್ತಿದಾಗ ಬರೋ ಸದ್ದು ಅದು, ಅವನ ಕಿವಿಗೆ ಚೆನ್ನಾಗಿ ಗೊತ್ತು. ಆಮೇಲೆ ಪಿಸುಮಾತು.

"ಭೀಮಣ್ಣಾ... ಇನ್ನೆಷ್ಟು ನಿಮಿಷ ಐತೆ?"

ಭೀಮೇಶ ಓಡಿದ. ಒಂದು ಚಪ್ಪಲಿ ಎಲ್ಲಿ ಬಿತ್ತು ಅನ್ನೋದೂ ಗೊತ್ತಾಗಲಿಲ್ಲ.

ಕೇಳಿದೋನು ಯಾರು, ಯಾಕೆ ಕೇಳಿದ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ, ಇಲ್ಲಾಂದ್ರೆ ತಲೆಬುಡ ತಿಳಿಯಲ್ಲ. ನಮ್ಮ ಗೋಮಾಳದಾಗೆ ಹವಾಮಾನದ ಉಪಗ್ರಹದಿಂದ ಚಿತ್ರ ಹಿಡಿಯೋ ಕೇಂದ್ರ ಒಂದೈತೆ. ಮೋಡ ಎಲ್ಲೈತೆ, ಗಾಳಿ ಎತ್ತ ಬೀಸ್ತೈತೆ ಅನ್ನೋ ಚಿತ್ರ. ಅಲ್ಲಿರೋ ದೊಡ್ಡ ಡಿಶ್‌ಗೆ ನಾವೆಲ್ಲ ಬೋಗುಣಿ ಅಂತೀವಿ. ಮದುವೆ ಮನೆಯ ಅನ್ನದ ಬೋಗುಣಿಯನ್ನ ಆಕಾಶಕ್ಕೆ ಎತ್ತಿ ಹಿಡಿದಂಗೆ ಐತೆ, ಅದಕ್ಕೆ. ಅದನ್ನ ನಡೆಸೋದು, ನೋಡ್ಕಳೋದು, ಅದರ ಕಾಗದಪತ್ರ ಬರೆಯೋದು ಎಲ್ಲಾ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಕಂಪನಿ. ಭೀಮೇಶ ಡಿಪ್ಲೊಮಾ ಓದಿದೋನು, ಆ ಕಂಪನಿಯ ಇಂಜಿನಿಯರು. ಕೆಂಚೇಶ ಬೋಗುಣಿ ಮೇಲೆ ಹತ್ತಿ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚೋನು. ಇಬ್ಬರೂ ಒಂದೇ ಓಣಿ. ಭೀಮೇಶನೇ ಕರ್ಕಂಡು ಹೋಗಿ ಕೆಲಸಕ್ಕೆ ಸೇರಿಸಿದ್ದ.

ಉಪಗ್ರಹ ಯಾರಿಗೂ ಕಾಯಲ್ಲ. ರಾತ್ರಿ ಒಂದು ನಲವತ್ತಕ್ಕೆ ಈ ಕಡೆ ಮೂಡಿದ್ರೆ ಹನ್ನೆರಡು ನಿಮಿಷಕ್ಕೆ ಆ ಕಡೆ ಮುಳುಗ್ತೈತೆ. ಅಷ್ಟೊತ್ತೂ ಬೋಗುಣಿ ಅದರ ಹಿಂದೆನೇ ತಿರುಗಬೇಕು. ಇದಕ್ಕೆ ಪಾಸ್ ಅಂತಾರೆ. ಪಾಸ್ ತಪ್ಪಿದ್ರೆ ಕಂಪನಿಗೆ ಕೆಟ್ಟ ಹೆಸರು. ತಿಂಗಳಿಗೆ ಮೂರು ತಪ್ಪಿದ್ರೆ ಇಂಜಿನಿಯರನ್ನೇ ಬದಲಾಯಿಸ್ತಾರೆ.

ಅಲ್ಲೊಂದು ಕಟ್ಟುಪಾಡು ಇತ್ತು. ಮೋಟರಿಗೆ ಒಂದೇ ಕೀಲಿ. ಮೇಲೆ ಹತ್ತೋನು ಆ ಕೀಲಿಯನ್ನ ತನ್ನ ಜೇಬಿಗೆ ಹಾಕ್ಕಂಡೇ ಹತ್ತಬೇಕು. ಅವನು ಇಳಿದು ವಾಪಸ್ ಕೊಡೋ ತನಕ ಬೋಗುಣಿಯನ್ನ ಯಾರೂ ತಿರುಗಿಸಾಕೆ ಆಗಬಾರದು, ಅದಕ್ಕೆ. ಒಳ್ಳೇ ಕಟ್ಟುಪಾಡೇ. ಆದ್ರೆ ಕೆಂಚೇಶ ಗ್ರೀಸ್ ಹಚ್ಚಾಕೆ ಕೂತ್ರೆ ನಿಧಾನ, ಒಂದೊಂದು ಹಲ್ಲನ್ನೂ ಒರೆಸಿ ಹಚ್ಚೋನು. ಆ ತಿಂಗಳು ಎರಡು ಪಾಸ್ ಆಗಲೇ ತಪ್ಪಿದ್ವು. ಭೀಮೇಶ ಜಗಳೂರಿಗೆ ಹೋಗಿ, ಕೀಲಿ ರಿಪೇರಿ ಮಾಡೋನ ಹತ್ರ ಡೂಪ್ಲಿಕೇಟ್ ಮಾಡಿಸ್ಕಂಡು ಬಂದ. ಯಾರಿಗೂ ಹೇಳಲಿಲ್ಲ. ಕೆಂಚೇಶನಿಗೂ ಹೇಳಲಿಲ್ಲ.

ಆ ರಾತ್ರಿ ಒಂದು ಮೂವತ್ತೆಂಟಾದ್ರೂ ಕೆಂಚೇಶ ಇಳಿದಿರ್ಲಿಲ್ಲ. ವಾಕಿಟಾಕಿಯಲ್ಲಿ ಕರೆದ್ರೆ ಮಾತಿಲ್ಲ. ಕೈಯೆಲ್ಲ ಗ್ರೀಸ್ ಇರೋನು ಗುಂಡಿ ಒತ್ತೋದಾದ್ರೂ ಹೆಂಗೆ? ಇಳಿದು ನೀರು ಕುಡಿಯಾಕೆ ಹೋಗಿರಬೇಕು ಅಂತ ಭೀಮೇಶ ತನಗೆ ತಾನೇ ಹೇಳ್ಕಂಡ. ಹೊರಗೆ ಬಂದು ತಲೆ ಎತ್ತಿ ನೋಡಾಕೆ ಹತ್ತೇ ಹೆಜ್ಜೆ. ನೋಡಲಿಲ್ಲ. ಡೂಪ್ಲಿಕೇಟ್ ಕೀಲಿ ಹಾಕಿ ತಿರುವಿದ. ಗುಂಯ್ ಅಂತ ಮೋಟರು ಎದ್ದಿತು. ಮೂರು ನಿಮಿಷ ಸರಿಯಾಗೇ ತಿರುಗ್ತು. ಆಮೇಲೆ ಮೆತ್ತಗಿನ ಒಂದು ಸದ್ದು... ಹಸಿ ಜಾಲಿ ಕಡ್ಡಿ ಮುರಿದಂಗೆ. ವಾಕಿಟಾಕಿ ಖರ್‍ರ್ ಅಂತು.

"ಭೀಮಣ್ಣಾ... ಕಾಲು ಚಕ್ರಕ್ಕೆ ಸಿಕ್ಕೈತೆ. ನಿಲ್ಸು."

ಭೀಮೇಶ ಗಡಿಯಾರ ನೋಡಿದ. ಕೆಂಪು ಗುಂಡಿ ಕೈ ಅಳತೆಯಲ್ಲೇ ಇತ್ತು. ಒತ್ತಿದ್ರೆ ಪಾಸ್ ಹೋಯ್ತು, ಮೂರನೇದು.

"ಇನ್ನೊಂಬತ್ತು ನಿಮಿಷ ಐತೆ. ತಡ್ಕ" ಅಂದ.

ಹೌದ್ರಿ, ಅಂದ. ಅನ್ನೋ ಬಾಯಿ ಹೆಂಗೆ ಬಂತು ಅಂತ ನನ್ನ ಕೇಳಬೇಡ್ರಿ. ಕೆಂಚೇಶ ಕೂಗಾಡಲಿಲ್ಲ. ಸ್ವಲ್ಪ ಹೊತ್ತಿಗೆ, ಇನ್ನೆಷ್ಟು ನಿಮಿಷ ಐತೆ ಅಂತ ಕೇಳಿದ. ಆರು ಅಂದ ಭೀಮೇಶ. ಮತ್ತೆ ಕೇಳಿದ. ನಾಲ್ಕು ಅಂದ. ಆಮೇಲೆ ಕೇಳಲಿಲ್ಲ. ಹನ್ನೆರಡು ನಿಮಿಷ ತುಂಬಿತು, ಪಾಸ್ ಮುಗೀತು, ಚಿತ್ರ ಪೂರ್ತಿ ಬಂತು. ಸಮುದ್ರದಲ್ಲಿ ತುಫಾನು ಎದ್ದಿದ್ರೆ, ಹೋಗ್ಲಿ, ಸಾವಿರ ಜನರ ಜೀವ ಉಳೀತು ಅನ್ನಬಹುದಿತ್ತು. ಆ ರಾತ್ರಿಯ ಚಿತ್ರದಲ್ಲಿ ಒಂದು ಮೋಡವೂ ಇರ್ಲಿಲ್ಲ.

ಭೀಮೇಶ ಏಣಿ ಹತ್ತಿದ. ಉಸಿರು ನಿಂತಿದ್ದ ಕೆಂಚೇಶನ ಜೇಬಿಂದ ಅಸಲಿ ಕೀಲಿ ತೆಗೆದು, ಒರೆಸಿ, ಮೋಟರಿನ ಪೆಟ್ಟಿಗೆಗೆ ಸಿಗಿಸಿದ. ಡೂಪ್ಲಿಕೇಟನ್ನ ತಗಂಡು ಹೋಗಿ ಆ ಹಾಳುಬಾವಿಗೆ ಎಸೆದ. ಆಮೇಲೇ ಫೋನ್ ಮಾಡಿದ್ದು. ಕೆಂಚೇಶ ಕುಡಿದಿದ್ದ, ಕೀಲಿ ತಗಳ್ಳದೆ, ಹೇಳದೆ ಕೇಳದೆ ಹತ್ತಿದ ಅಂತ ವರದಿ ಬರೆದ. ಕಂಪನಿಯೋರು ಎರಡನೇ ಮಾತು ಕೇಳಲಿಲ್ಲ, ಸಹಿ ಹಾಕಿ ಮುಗಿಸಿದ್ರು.

ಕೆಂಚೇಶ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದೋನಲ್ಲ. ಅವನ ಹೆಂಡ್ತಿ ಮಮತಾ ಮೂರು ಸಲ ಭೀಮೇಶನ ಬಾಗಿಲಿಗೆ ಬಂದ್ಲು. ಅವ್ರು ಕೀಲಿ ತಗಂಡಿದ್ರಾ ಇಲ್ವಾ, ಅದೊಂದು ಹೇಳು ಸಾಕು ಅಂದ್ಲು. ಮೂರು ಸಲವೂ ಇಲ್ಲ ಅಂದ. ನಾಲ್ಕನೇ ಸಲ ಅವಳು ಬರಲಿಲ್ಲ.

ಬಾವಿ ಹತ್ರ ಆ ಪಿಸುಮಾತು ಶುರುವಾಗಿದ್ದು ತಿಂಗಳು ಕಳೆದ ಮೇಲೆ. ಮಾರನೇ ರಾತ್ರಿ ಭೀಮೇಶ ಬೈಕಲ್ಲಿ ಬಂದ. ಬಾವಿ ಹತ್ರ ಬೈಕು ತಾನೇ ಆಫ್ ಆಯ್ತು, ಅದೇ ಪ್ರಶ್ನೆ. ಸುತ್ತು ಬಳಸಿ ರಸ್ತೆ ಮೇಲೆ ಬಂದ. ಬೆನ್ನ ಹಿಂದೆ ಅದೇ ಖರ್‍ರ್, ಅದೇ ಪ್ರಶ್ನೆ. ತೋಳಿಗೆ ಅಂತ್ರ ತಾಯಿತ ಕಟ್ಟಿಸ್ಕಂಡ, ಉಪಯೋಗ ಆಗಲಿಲ್ಲ. ಒಂದು ರಾತ್ರಿ ತಡಕಳ್ಳಾಕೆ ಆಗದೆ, ಮುಗೀತು ಕಣಪ್ಪಾ, ಮುಗೀತು ಅಂದುಬಿಟ್ಟ. ಹತ್ತು ಹೆಜ್ಜೆ ಹಾಕಿರ್ಲಿಲ್ಲ... ಮತ್ತೆ ಕೇಳ್ತು, ಇನ್ನೆಷ್ಟು ನಿಮಿಷ ಐತೆ ಅಂತ. ಭೀಮೇಶ ಊಟ ಬಿಟ್ಟ. ನಿದ್ದೆ ಅವನನ್ನ ಬಿಡ್ತು. ಎರಡು ತಿಂಗಳಿಗೆ ಪ್ಯಾಂಟಿಗೆ ದಾರ ಕಟ್ಟಿಕೊಳ್ಳೋ ಹಂಗಾದ.

ಕೊನೆಗೆ ಒಂದೇ ದಾರಿ ಕಾಣಿಸ್ತು ಅವನಿಗೆ. ನಿಜ ಬರೆದುಬಿಡೋದು. ಕೆಲಸ ಹೋಗ್ಲಿ, ಜೈಲಿಗೆ ಹಾಕ್ಲಿ, ಈ ಪ್ರಶ್ನೆ ಒಂದು ನಿಂತ್ರೆ ಸಾಕು. ಕೇಂದ್ರದಲ್ಲೇ ಕೂತು ಪೂರ್ತಿ ಒಂದು ಹಾಳೆ ಬರೆದ. ಡೂಪ್ಲಿಕೇಟ್ ಕೀಲಿ, ಒಂಬತ್ತು ನಿಮಿಷ, ಜೇಬು, ಬಾವಿ, ಒಂದೂ ಬಿಡಲಿಲ್ಲ. ಸಹಿ ಹಾಕಿದ. ಮೊದಲು ಮಮತಾಗೆ ತೋರಿಸಿ, ಕಾಲಿಗೆ ಬಿದ್ದು, ಬೆಳಗ್ಗೆ ಠಾಣೆಗೆ ಕೊಡೋದು ಅಂತ ನಿರ್ಧಾರ ಮಾಡ್ಕಂಡು ಹೊರಟ.

ಆ ರಾತ್ರಿ ಬಾವಿ ಮಾತಾಡಲಿಲ್ಲ. ಹೆಜ್ಜೆ ಸದ್ದು ಮಾತ್ರ ಅವನನ್ನ ದಾಟಿ ಮುಂದೆ ಹೋಯ್ತು. ಒಂದು ಕಾಲು ಚರಕ್ ಅಂತಿತ್ತು, ಇನ್ನೊಂದು ಸರ್‍ರ್ ಅಂತ ಎಳೀತಿತ್ತು. ಸದ್ದಿನ ಹಿಂದೆನೇ ನಡೆದ. ಅದು ಓಣಿಗೆ ಬಂತು, ಮಮತಾನ ಮನೆ ಕಡೆ ತಿರುಗ್ತು. ಬಾಗಿಲ ಅಗಳಿ ಟಕ್ ಅಂತು. ಒಳಗೆ ದೀಪ ಉರೀತಿತ್ತು.

ಭೀಮೇಶ ಬಾಗಿಲು ದೂಡಿದ. ಮಮತಾ ಒಲೆ ಮುಂದೆ ಕೂತಿದ್ಲು. ಎದುರಿಗೆ ಎರಡು ತಟ್ಟೆ, ಎರಡರಲ್ಲೂ ಮುದ್ದೆ. ಎರಡನೇ ತಟ್ಟೆಯ ಮುಂದೆ ಯಾರೂ ಇರ್ಲಿಲ್ಲ. ಮುದ್ದೆ ಮಾತ್ರ ಅರ್ಧ ಮುರಿದಿತ್ತು, ಅದರ ಮೇಲೆ ಕಪ್ಪನೆ ಬೆರಳಚ್ಚು. ಅವಳು ಭೀಮೇಶನ ಕೈಯಲ್ಲಿದ್ದ ಹಾಳೆ ನೋಡಿದ್ಲು. ಕೈ ಚಾಚಿದ್ಲು. ಹಾಳೆ ಕೊಟ್ಟ. ಬೆಂಕಿ ಬೆಳಕಿಗೆ ಹಿಡಿದು ನಿಧಾನಕ್ಕೆ ಓದಿದ್ಲು. ಒಂಬತ್ತು ನಿಮಿಷ ಅನ್ನೋ ಕಡೆ ಸ್ವಲ್ಪ ನಿಂತ್ಲು. ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದ್ಲು.

"ಯಾಕವ್ವಾ" ಅಂದ ಭೀಮೇಶ. "ಅವನ ಹೆಸರು ಉಳೀತಿತ್ತಲ್ಲ."

"ಹೆಸರು ಬಂದು ನನ್ನ ಎದುರಿಗೆ ಊಟಕ್ಕೆ ಕೂರ್ತೈತಾ?" ಪಿಸುಗುಟ್ಟಿದ್ಲು ಮಮತಾ. "ನೀನು ನಿಜ ಹೇಳಿದ್ರೆ ಅವ್ರಿಗೆ ಶಾಂತಿ ಸಿಗ್ತೈತೆ. ಆಮೇಲೆ ಇಲ್ಲಿಗೆ ಯಾಕೆ ಬರ್ತಾರೆ? ಒಂದು ಸಲ ಕಿತ್ಕಂಡಿದ್ದು ಸಾಲದಾ ನಿನಗೆ?"

ಭೀಮೇಶ ಅವಳ ಕಾಲಿಗೆ ಬಿದ್ದು ಅತ್ತ. ನಾನು ಸಾಯ್ತೀನಿ ಕಣವ್ವಾ, ಈ ಭಾರ ಒಂದು ಇಳಿಸು, ಇನ್ನೊಂದು ಬರೀತೀನಿ ಅಂತ ಗೋಗರೆದ.

"ಬರಿ. ಪೊಲೀಸರು ನನ್ನನ್ನೂ ಕರೀತಾರೆ. ದಿನಾ ಕುಡೀತಿದ್ರು, ಅವತ್ತೂ ಕುಡಿದೇ ಹೋಗಿದ್ರು ಅಂತ ನಾನೇ ಹೇಳ್ತೀನಿ. ಹೆಂಡ್ತಿ ಮಾತು ನಂಬ್ತಾರೆ, ನಿನ್ನದಲ್ಲ." ಎರಡನೇ ತಟ್ಟೆಗೆ ಸಾರು ಬಿಟ್ಲು. "ನೀನು ಡ್ಯೂಟಿ ಬಿಡಬೇಡ ಭೀಮಣ್ಣ. ಅವ್ರು ನಿನ್ನ ದಾರಿ ಹಿಡ್ಕಂಡೇ ಮನೆಗೆ ಬರೋದು. ಎದ್ದೇಳು, ಅವ್ರು ಊಟ ಮಾಡ್ಬೇಕು."

ಅಲ್ಲಿಂದ ಹೆಂಗೆ ಎದ್ದು ಬಂದ ಅನ್ನೋದು ಅವನಿಗೇ ನೆನಪಿಲ್ಲ. ಇನ್ನೊಂದು ಹಾಳೆ ಬರೀಲಿಲ್ಲ. ಎರಡು ಸಲ ರಾಜೀನಾಮೆ ಕೊಟ್ಟ. ಎರಡು ಸಲವೂ ಮಮತಾ ಬಂದು ಅವನ ಬಾಗಿಲಲ್ಲಿ ಸುಮ್ಮನೆ ನಿಂತ್ಲು, ವಾಪಸ್ ತಗಂಡ. ಈಗಲೂ ಅದೇ ಡ್ಯೂಟಿ, ಅದೇ ದಾರಿ. ಹಗಲಲ್ಲಿ ಮಾತಾಡ್ಸಿ ನೋಡ್ರಿ ಬೇಕಾದ್ರೆ, ಪಾಪ ಅನ್ಸತ್ತೆ... ನನಗಂತೂ ಅನ್ಸಲ್ಲ.

ಇಷ್ಟು ಹೇಳಿದ್ರೂ ನಂಬಲ್ಲ ನೀವು, ಗೊತ್ತು ನನಗೆ. ಹೋಗ್ಲಿ ಬಿಡ್ರಿ. ಮೊನ್ನೆ ಕಂಪನಿಯಿಂದ ತಪಾಸಣೆಗೆ ಕಲ್ಪನಾ ಅನ್ನೋ ಮೇಡಮ್ಮು ಬಂದಿದ್ರು. ಕೆಂಚೇಶನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ, ಹನ್ನೊಂದು ತಿಂಗಳಾಯ್ತು. ಮೇಡಮ್ಮು ಏಣಿ ಹತ್ತಿ ಹಲ್ಲುಚಕ್ರದ ಮೇಲೆ ಬೆರಳಾಡಿಸಿದ್ರು. ಹೊಸಾ ಗ್ರೀಸ್, ಒಂದೊಂದು ಹಲ್ಲನ್ನೂ ಒರೆಸಿ ಹಚ್ಚಿದ್ದು. ಯಾರು ಹಚ್ಚಿದ್ದು ಅಂತ ಕೇಳಿದ್ರು, ಭೀಮೇಶ ನೆಲ ನೋಡ್ದ. ನಿರ್ವಹಣೆ ಚೆನ್ನಾಗಿದೆ, ಹೊಸ ಆಳು ಬೇಕಿಲ್ಲ ಅಂತ ಬರ್ಕಂಡು ಹೋದ್ರು. ಆ ಕಾಗದ ಗೋಡೆಗೆ ಅಂಟಿಸವ್ರೆ, ಯಾರು ಬೇಕಾದ್ರೂ ಹೋಗಿ ಓದಬಹುದು. ಸ್ಟೋರ್ ರೂಮಲ್ಲಿರೋ ಒಂದೇ ಒಂದು ಗ್ರೀಸ್ ಡಬ್ಬಿಯನ್ನೂ ನೋಡ್ಕಂಡು ಬರ್ರಿ. ಅದರ ಸೀಲು ಇನ್ನೂ ಒಡೆದಿಲ್ಲ.