ವಿಮಾನ ಎಲ್ಲಿಗೆ ಬಿಡಬೇಕು

ಅಫಜಲಪುರದ ದವಾಖಾನೆಯಲ್ಲಿ ತಲೆ ಒಡೆದುಕೊಂಡ ಇಬ್ಬರು ನನ್ನ ಎದುರಿನ ಬೆಂಚಿನಲ್ಲೇ ಕೂತಿದ್ದರು. ಕಂಪೌಂಡರ್ ಸಂಗತಿ ಹೇಳಿದ. ಕಲಬುರಗಿಯಿಂದ ಅಗ್ಗದ ವಿಮಾನ ಬಿಡುತ್ತೇವೆ, ಎಲ್ಲಿಗೆ ಬೇಕು ಎಂದು ಹೊಸ ಕಂಪನಿಯವನೊಬ್ಬ ಚಹಾದಂಗಡಿಯಲ್ಲಿ ಕೇಳಿದ್ದನಂತೆ. ಆಳಂದದ ಹಫೀಜ ಪುಣೆ ಎಂದನಂತೆ, ಜೇವರ್ಗಿಯ ಕಲ್ಲಿನಾಥ ಹೈದರಾಬಾದ್ ಎಂದನಂತೆ. ಮುಂದಿನದನ್ನು ಇಬ್ಬರೂ ಸೋಡಾ ಬಾಟಲಿಯಿಂದಲೇ ತೀರ್ಮಾನ ಮಾಡಿಕೊಂಡಿದ್ದರು.

"ಇನ್ನೊಮ್ಮೆ ಪುಣೆ ಅಂದ್ರ ಉಳಿದ ಹಲ್ಲೂ ಉದುರಸ್ತೇನಿ ಲೇ," ಎಂದ ಕಲ್ಲಿನಾಥ.

"ಪುಣೆ! ಉದುರಸು ನೋಡೋಣು."

"ಹೈದರಾಬಾದಿನ ದವಾಖಾನಿಗೆ ಒಯ್ಯೂಮುಂದ ನಮ್ಮವ್ವ ಹಾದ್ಯಾಗ, ನನ್ನ ತೊಡಿ ಮ್ಯಾಲ ಜೀವ ಬಿಟ್ಟಾಳ. ಗೊತ್ತದೇನು ನಿನಗ?"

"ನನ್ನ ತಮ್ಮ ಪುಣೆದಾಗ ಕಟ್ಟಡದ ಮ್ಯಾಲಿಂದ ಬಿದ್ದು ಸತ್ತ. ನಾ ಬಸ್ಸಿನ್ಯಾಗ ಹೋಗಿ ಮುಟ್ಟೂದರಾಗ ದಫನ ಮಾಡಿಬಿಟ್ಟಿದ್ರು. ಮಾರಿ ಸೈತ ನೋಡಾಕ ಸಿಗಲಿಲ್ಲ."

ಕಲ್ಲಿನಾಥ ತಲೆಗೆ ಒತ್ತಿ ಹಿಡಿದಿದ್ದ ಟವೆಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಇದನ್ನ ಮೊದ್ಲ ಹೇಳಬಾರದಿತ್ತೇನೋ?"

"ನೀ ಹೇಳಾಕ ಬಿಟ್ಟಿಯೇನು? ಬಾಟ್ಲಿ ಎತ್ತಿದಿ."

"ಆ ಕಂಪನಿಯವ ಕಡೀಕ ಏನಂದ?"

"ನಾವು ಬಡದಾಡಾಕತ್ತಾಗ ಅವ ಫೋನಿನ್ಯಾಗ ಹೇಳಾಕತ್ತಿದ್ದ, ಇಲ್ಲಿಂದ ಗೋವಾಕ್ಕ ಬಿಟ್ರ ಛಲೋ ಅಂತ."

"ಗೋವಾಕ್ಕ? ಗೋವಾದಾಗ ನಮ್ಮೋರು ಯಾರು ಸತ್ತಾರ?"

ಕಲ್ಲಿನಾಥ ಟವೆಲನ್ನು ತಲೆಗೆ ಬಿಗಿದು ಕಟ್ಟಿಕೊಂಡ.

"ಎಲ್ಲಿ ಇಳಕೊಂಡಾನ ಅವ?"

"ಬಸ್ ಸ್ಟ್ಯಾಂಡ್ ಮಗ್ಗಲ ಲಾಡ್ಜಿನ್ಯಾಗ."

"ಏಳು."

ಅಷ್ಟರಲ್ಲಿ ಕಂಪೌಂಡರ್ ಹೊಲಿಗೆ ಹಾಕಲು ಕರೆದ. ಇಬ್ಬರೂ ಆಗಲೇ ಬಾಗಿಲಲ್ಲಿದ್ದರು.

"ಸ್ವಲ್ಪ ತಡೀರಿ," ಎಂದ ಹಫೀಜ. "ಇನ್ನೊಬ್ಬನ್ನ ಹೊತ್ಕೊಂಡು ಬರ್ತೇವಿ."