ಹಳೇ ಕಚೇರಿಯ ಮೂರನೇ ಕೂಗು

ಚಾರ್ಮಾಡಿ ರಸ್ತೆಗೆ ಮರ ಬಿದ್ದ ಸಂಜೆ ಕಕ್ಕಿಂಜೆಯ ಯಾಕೂಬನ ಹೋಟೆಲಿನಲ್ಲಿ ಸಿಕ್ಕಿಬಿದ್ದವರಲ್ಲಿ ಸಾತ್ವಿಕಾ ಟೀಚರೂ ಒಬ್ಬಳು. ಬಸ್ಸಿಲ್ಲ, ಕರೆಂಟಿಲ್ಲ, ಮಳೆಗೆ ಮಾತ್ರ ರಜೆಯಿಲ್ಲ. ಅವಳ ಶಾಲೆಯ ಮಾಡು ಸೋರತೊಡಗಿದ್ದರಿಂದ ಮೂರನೇ ಕ್ಲಾಸನ್ನು ಊರಿನ ಹಳೇ ಸರಕಾರಿ ಕಚೇರಿಗೆ ಸಾಗಿಸಿದ್ದರು. ನಿನ್ನೆ ಸಂಜೆ ಮಕ್ಕಳೇ ಬೆಂಚು ಹೊತ್ತಿದ್ದರು. ಇಂದು ಅಲ್ಲಿ ಮೊದಲ ಪಾಠ. ದಪ್ಪ ಗೋಡೆ, ಒಂದು ಹನಿ ಸೋರದ ಹೆಂಚು, ಮಳೆಗಾಲ ಮುಗಿಯುವವರೆಗೂ ಅಲ್ಲೇ ಇರುವುದೆಂದು ಅವಳು ಖುಷಿಯಲ್ಲಿ ಹೇಳಿದ್ದೇ ತಡ, ಮೂಲೆಯ ಬೆಂಚಿನಲ್ಲಿದ್ದ ಜತ್ತಪ್ಪಜ್ಜ ಚಾದ ಗ್ಲಾಸು ಕೆಳಗಿಟ್ಟರು.

ಅಜ್ಜನಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಆ ಕಚೇರಿಯಲ್ಲಿಯಾ?... ಟೀಚರ್, ಸ್ವಲ್ಪ ಹತ್ತಿರ ಬನ್ನಿ. ಯಾಕೂಬ, ನೀನು ಸಹ ಕೂತುಕೋ. ನಿನ್ನ ಗೋಳಿಬಜೆ ಈ ಮಳೆಗೆ ಯಾರೂ ಕದಿಯುವುದಿಲ್ಲ ಮಾರಾಯ."

ಬೆಂಚುಗಳು ಹತ್ತಿರ ಸರಿದವು.

"ನಾನು, ಬದ್ರುದ್ದೀನ್, ಇಬ್ಬರೂ ಒಂದೇ ಪ್ರಾಯದವರು. ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲೇ ಆ ಕಚೇರಿ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಕ್ಯಾಂಪು ಕೋರ್ಟು ಕೂರ್ತಿತ್ತಂತೆ, ಅವರು ಹೋದ ಮೇಲೆ ಬಾವಲಿಗಳು ಕೂತವು. ಬಾಗಿಲಿಗೆ ಬೀಗ. ಆದರೆ ಹಿಂದಿನ ಕಿಟಕಿಯ ಸರಳು ಸಡಿಲ ಇತ್ತು, ನುಗ್ಗಿದರೆ ಒಳಗೆ... ಏನುಂಟು ಏನಿಲ್ಲ? ಸಾಹೇಬರ ಎತ್ತರದ ಪೀಠ, ಸಾಕ್ಷಿಯ ಕಟಕಟೆ, ಮಾಡಿನಿಂದ ಜೋತಾಡುವ ಪಂಖದ ಹಗ್ಗ. ಬದ್ರು ಪೀಠ ಹತ್ತಿ ಕೂರುವುದು, ನನಗೆ ದಿನಾ ಗಲ್ಲು ಶಿಕ್ಷೆ. ಒಂದು ದಿನವಾದರೂ ಬಿಡುಗಡೆ ಮಾಡಿದ್ದಿಲ್ಲ, ಪೋಕರಿ.

"ಆಟಿ ತಿಂಗಳ ಒಂದು ಸಂಜೆ, ಹೀಗೇ ಮಳೆ. ನಾವಿನ್ನೂ ಜಗಲಿಯಲ್ಲಿ ನಿಂತಿದ್ದೆವು. ಬೀಗ ಹಾಕಿದ ಬಾಗಿಲಿನ ಒಳಗಿಂದ... 'ಬದ್ರುದ್ದೀನ್' ಅಂತ ಕೂಗಿತು. ಎಳೆದು, ರಾಗವಾಗಿ. ನಮ್ಮ ಕಡೆ ಮಕ್ಕಳಿಗೆ ಏನು ಹೇಳಿಕೊಟ್ಟಿದ್ದಾರೆ ಹೇಳಿ? ಮುಸ್ಸಂಜೆಗೆ ಒಂದೇ ಕರೆಗೆ ಓಗೊಡಬಾರದು. ದೆವ್ವ ಕರೆಯುವುದು ಒಂದೇ ಸಲ, ಮೂರನೇ ಸಲವೂ ಕರೆದರೆ ಅದು ಮನುಷ್ಯನೇ. ನನ್ನ ಅಜ್ಜಿ ಹೇಳಿದ್ದೂ ಅದೇ, ಬದ್ರುವಿನ ಉಮ್ಮ ಬೀಯಮ್ಮ ಹೇಳಿದ್ದೂ ಅದೇ. ಇಬ್ಬರೂ ಬಾಯಿ ಮುಚ್ಚಿ ನಿಂತೆವು. ಎರಡನೇ ಸಲ ಕೂಗಿತು, ಬದ್ರು ನನ್ನ ಕೈ ಹಿಡಿದ. ಮೂರನೇ ಸಲ ಕೂಗಿದಾಗ ಅವನಿಗೆ ಹೋದ ಜೀವ ಬಂದ ಹಾಗಾಯ್ತು. 'ಜನವೇ ಮಾರಾಯ' ಅಂತ ನಕ್ಕು, 'ಓ' ಅಂದ. ಪಾಪದವ... ಹಿರಿಯರ ಮಾತು ಮೀರಿದವನಲ್ಲ.

"ಆದರೆ ಟೀಚರ್, ಕೋರ್ಟಿನಲ್ಲಿ ಹೆಸರು ಎಷ್ಟು ಸಲ ಕೂಗುವುದು?"

"ಮೂರು ಸಲ" ಎಂದವನು ಯಾಕೂಬ. ಜಾಗದ ಕೇಸಿಗಾಗಿ ಅಲೆದು ಅಲೆದು ಅವನ ಚಪ್ಪಲಿ ಸವೆದಿತ್ತು.

"ಹಾಂ. ದಫೇದಾರ ಹೊಸ್ತಿಲಿಗೆ ಬಂದು ಮೂರು ಸಲ ಕೂಗುವುದು. ಆ ಕಚೇರಿಯ ದಫೇದಾರ ಹಾಗೆ ಕೂಗುತ್ತಾ ಕೂಗುತ್ತಾ ಅಲ್ಲೇ ಬಿದ್ದು ಜೀವ ಬಿಟ್ಟವನಂತೆ, ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಮ್ಮ ಹಿರಿಯರಿಗೆ ಗುಡ್ಡೆಯ ದೆವ್ವ ಗೊತ್ತಿತ್ತು, ಸರಕಾರದ ದೆವ್ವ ಗೊತ್ತಿರಲಿಲ್ಲ."

ಅಜ್ಜ ಚಾ ಒಂದು ಗುಟುಕು ಹೀರಿದರು.

"ಬಾಗಿಲು ಅವನಿಗೆ ತೆರೆಯಿತು. ಹೋದ, ಸ್ವಲ್ಪ ಹೊತ್ತಿಗೆ ಬಂದ. ಗಾಯ ಇಲ್ಲ, ಏನಿಲ್ಲ. 'ಹೆಸರು ಕೇಳಿದರು, ವಾಪ್ಪನ ಹೆಸರು ಕೇಳಿದರು, ಮತ್ತೆ ಬರಲು ವಾಯಿದೆ ಕೊಟ್ಟರು' ಅಂದ. ಮತ್ತೊಂದು ಸಂಜೆ ಗಂಜಿಗೆ ಕೂತವ ಬಟ್ಟಲು ಬಿಟ್ಟು ಎದ್ದು ಓಡಿದ. ಬೀಯಮ್ಮ ಹಿಂದೆಯೇ ಓಡಿದರು. ಮಗ ಹೊಸ್ತಿಲು ದಾಟಿದ್ದನ್ನು ಕಣ್ಣಾರೆ ಕಂಡರು, ಅವರು ಮುಟ್ಟುವಾಗ ಬಾಗಿಲಿಗೆ ಬೀಗ. ಊರವರು ಒಡೆದು ನೋಡಿದರೆ ಒಳಗೆ ಯಾರೂ ಇಲ್ಲ. ಹೊಳೆಯ ಪಾಲಾದ ಅಂತ ಹೇಳಿ ಮುಗಿಸಿದರು. ಬೀಯಮ್ಮ ನಂಬುತ್ತಾರಾ? ಸಾಯುವವರೆಗೂ ಮಳೆಗಾಲದ ಸಂಜೆ ಆ ಜಗಲಿಯಲ್ಲಿ ನಿಂತು ಮಗನನ್ನು ಕರೆಯುವುದು... ಮೂರು ಸಲ ಅಲ್ಲ ಟೀಚರ್, ಸ್ವರ ಬೀಳುವವರೆಗೆ."

ಸಾತ್ವಿಕಾಳ ಚಾ ಆರಿ ತಣ್ಣಗಾಗಿತ್ತು. ಕತೆಯೆಂದು ನಕ್ಕುಬಿಡುವ ಮನಸ್ಸು ಅವಳಿಗಿತ್ತು. ಆದರೆ ನಾಳೆ ಆ ಹೊಸ್ತಿಲು ದಾಟುವವರು ಅವಳ ಮಕ್ಕಳು.

"ಅಜ್ಜಾ, ಒಂದು ಮಗುವಿಗೆ ಕರೆ ಬಂದದ್ದು ಬೇರೆಯವರಿಗೆ ಹೇಗೆ ಗೊತ್ತಾಗುವುದು?"

"ನಮ್ಮ ಶಾಲೆಯ ಮಾಸ್ತರರಿಗೆ ಗೊತ್ತಾಗಬೇಕಿತ್ತು... ಅವರು ಹಾಜರಿಗೆ ಬಾಯಿ ತೆರೆಯುವ ಮೊದಲೇ ಬದ್ರು ಎದ್ದು ನಿಂತು 'ಹಾಜರ್' ಅಂದ. ಚುರುಕು ಹುಡುಗ ಅಂತ ಅವರು ಬೆನ್ನು ತಟ್ಟಿದರು."

ಸಾತ್ವಿಕಾ ಗ್ಲಾಸನ್ನು ಬೆಂಚಿನ ಮೇಲಿಟ್ಟಳು. ಈ ಬೆಳಿಗ್ಗೆ ಅವಳಿನ್ನೂ ಕುರ್ಚಿಯಲ್ಲಿ ಕೂತಿರಲೂ ಇಲ್ಲ. ಎರಡನೇ ಸಾಲಿನ ತೃಷಾ ಎದ್ದು ನಿಂತು, ಬಾಗಿಲ ಕಡೆ ನೋಡುತ್ತಾ, "ಹಾಜರ್" ಅಂದಿದ್ದಳು. ಕ್ಲಾಸೆಲ್ಲ ನಕ್ಕಿತ್ತು, ಸಾತ್ವಿಕಾಳೂ ನಕ್ಕಿದ್ದಳು.

ಹೇಗೋ ಅದನ್ನು ಹೇಳಿ ಮುಗಿಸಿದಳು. ಅಜ್ಜ ಬೆಂಚಿನಿಂದ ಎದ್ದರು.

"ಮಗುವಿನ ಮನೆ ಎಲ್ಲಿ?"

"ಇಲ್ಲೇ, ಸೇತುವೆ ದಾಟಿದರೆ."

ಅಜ್ಜ ಗೋಡೆಗೊರಗಿಸಿದ್ದ ಕೊಡೆ ಎತ್ತಿಕೊಂಡರು.

"ಬಸ್ಸಿಗೆ ಕಾಯುವುದು ಬೇಡ ಟೀಚರ್, ಏಳಿ, ಈಗಲೇ ಹೋಗುವ. ಮಾಸ್ತರರು ಬೆನ್ನು ತಟ್ಟಿದ್ದು ಬೆಳಿಗ್ಗೆ... ಬೀಯಮ್ಮ ಹಿಂದೆ ಓಡಿದ್ದು ಅದೇ ದಿನ ಸಂಜೆ."